ಮಾಸ್ತರರ ಕಡೆಯ ಚೀಟಿ

“ಇದರ ಅರ್ಥ ಏನೋ ಹುಚ್ಚೀರಾ?”

ಪದ್ಮಾಬಾಯಿ ಚೀಟಿಯನ್ನು ಅವನ ಅಂಗೈ ಮೇಲಿಟ್ಟು ಎದುರಿಗೆ ಕೂತರು. ಎ.ಎಸ್.ಐ. ಹುಚ್ಚೀರಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬೆಟಗೇರಿಯ ಈ ಪಡಸಾಲೆಯಲ್ಲಿ ಅವನೆಂದೂ ಟೋಪಿ ಹಾಕಿಕೊಂಡು ಕೂತವನಲ್ಲ. ಹೊಂಬಳದಲ್ಲಿ ದನ ಕಾಯುತ್ತಿದ್ದ ಹುಡುಗ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದು ಮೂರನೆಯ ಸಲ ಎದ್ದದ್ದು ಇಲ್ಲೇ, ಈ ತಾಯಿ ಬಡಿದ ರೊಟ್ಟಿ ತಿಂದು. ಮೈಮೇಲಿನ ಖಾಕಿ ಆ ರೊಟ್ಟಿಯ ಋಣ.

ಐದು ದಿನದ ಹಿಂದೆ ಶಿರಹಟ್ಟಿ ರಸ್ತೆಯ ಬನ್ನಿಗಿಡದ ಕ್ರಾಸಿನಲ್ಲಿ ಯಾವುದೋ ಗಾಡಿ ಬಡಿದು ವಾಸುದೇವ ಮಾಸ್ತರರು ಸತ್ತಿದ್ದರು. ಅವರನ್ನು ಎತ್ತಿ ಆಸ್ಪತ್ರೆಗೆ ತಂದ ಟಂಟಂ ಚಾಲಕ ಯಮನೂರಸಾಬನನ್ನೇ ಪೊಲೀಸರು ಒಳಗೆ ಹಾಕಿದ್ದರು.

“ಎಲ್ಲಿ ಸಿಕ್ತ್ರಿ ಅವ್ವಾರ ಇದು?”

“ಅವರ ಚಾಳೀಸಿನ ಡಬ್ಬಿಯೊಳಗ.”

ಆಸ್ಪತ್ರೆಯಿಂದ ಬಂದ ಕೈಚೀಲವನ್ನು ಐದು ದಿನ ಗೂಟದಿಂದ ಇಳಿಸದ ಮುದುಕಿ, ಇವತ್ತು ಮುಂಜಾನೆ ಧೈರ್ಯ ಮಾಡಿದ್ದರು. ಗಂಡನ ಕನ್ನಡಕ ಒರೆಸಿ ದೇವರ ಮುಂದೆ ಇಡೋಣವೆಂದು ಡಬ್ಬಿ ತೆರೆದರೆ ಒಳಗೆ ಎರಡಾಗಿ ಮಡಚಿದ ಚೀಟಿ.

ಚೀಟಿಯೆಂದರೆ ಯಾರದೋ ಲಗ್ನಪತ್ರಿಕೆಯ ಬೆನ್ನು, ನಾಲ್ಕು ಬೆರಳಗಲ ಕತ್ತರಿಸಿದ್ದು. ನಿವೃತ್ತಿಯಾದ ಮೇಲೆ ಮಾಸ್ತರರು ದಿನಕ್ಕೊಂದು ಇಂಥ ಚೀಟಿ ಬರೆದಿದ್ದರು. ಮೇಲೆ ಒಂದು ಇಂಗ್ಲಿಷ್ ಪದ, ಪಕ್ಕದಲ್ಲಿ ಕನ್ನಡ ಅರ್ಥ, ಕೆಳಗೆ ಆ ಪದ ಬಳಸಿದ ವಾಕ್ಯ, ಮೂಲೆಯಲ್ಲಿ ತಾರೀಖು, ವೇಳೆ. ಗದಗ ಸೀಮೆಯ ಅರ್ಧ ಮದುವೆಗಳ ಬೆನ್ನ ಮೇಲೆ ಮಾಸ್ತರರ ಇಂಗ್ಲಿಷ್ ಕೂತೈತಿ ಎಂದು ಓಣಿಯವರು ನಗುತ್ತಿದ್ದರು. ಅವಲಕ್ಕಿ ಡಬ್ಬಿಗಳ ತುಂಬ ಆ ಚೀಟಿಗಳು.

ಅದಕ್ಕೆ ಅವರದೇ ಕಟ್ಟುಪಾಡು. ವಾಕ್ಯವನ್ನು ತಲೆಯಿಂದ ಕಟ್ಟುವಂತಿಲ್ಲ, ಅವತ್ತು ಕಿವಿಯಾರೆ ಕೇಳಿದ್ದಾಗಿರಬೇಕು. ಆಡಿದವರು ಯಾವ ಭಾಷೆಯಲ್ಲಿ ಆಡಿದರೋ ಆ ಮಾತು ಅದೇ ಭಾಷೆಯಲ್ಲಿ ಇರಬೇಕು. ಕಾಯಿಪಲ್ಯದವಳ ಮಾತು ಕನ್ನಡದಲ್ಲಿ, ಪೋಸ್ಟಿನವನದು ಹಿಂದಿಯಲ್ಲಿ, ಸುತ್ತಲ ವಾಕ್ಯ ಮಾತ್ರ ಇಂಗ್ಲಿಷಿನಲ್ಲಿ. ಇನ್ನು ಹೆಸರು ಬರೆಯುವ ಮಾತೇ ಇಲ್ಲ. ಎಲ್ಲರೂ ‘ಯಾರೋ’.

ಹುಚ್ಚೀರಪ್ಪ ಓದಿದ. ಅಕ್ಷರ ಓಲಾಡಿದ್ದವು.

‘ಐ ಶಲ್ ಬಿ ಬ್ಯಾಕ್ ಇನ್ ಟೆನ್ ಮಿನಿಟ್ಸ್, ಸರ್.’ ಹತ್ತು ನಿಮಿಷದಲ್ಲಿ ಹೊರಳಿ ಬರುತ್ತೇನೆ ಸರ್, ಎಂದು ಯಾರೋ ಅಂದರು. ಹೇಗೆ ಅಂದರು ಎಂಬಲ್ಲಿ ಮೊದಲು ‘ಸಿನ್ಸಿಯರ್ಲಿ’ ಎಂದು ಬರೆದಿತ್ತು. ಮನಃಪೂರ್ವಕವಾಗಿ. ಅದರ ಮೇಲೆ ಒಂದೇ ಒಂದು ಗೆರೆ ಎಳೆದು, ಮೇಲ್ಗಡೆ ಬೇರೆ ಪದ ಬರೆದಿದ್ದರು. ‘ಗ್ಲಿಬ್ಲಿ’.

ಮೂಲೆಯಲ್ಲಿ ವೇಳೆ ಎರಡಿತ್ತು. ಐದೂ ನಲವತ್ತು. ಅದರ ಕೆಳಗೆ ಆರೂವರೆ.

ಕನ್ನಡ ಅರ್ಥ ಬರೆಯುವ ಜಾಗ ಖಾಲಿ ಇತ್ತು.

ಆ ಪದದ ಅರ್ಥ ಹುಚ್ಚೀರಪ್ಪನಿಗಿಂತ ಚೆನ್ನಾಗಿ ಬಲ್ಲವರು ಇಡೀ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ಹತ್ತನೆಯ ಇಯತ್ತೆಯಲ್ಲಿದ್ದಾಗ ಮನೆಪಾಠ ಮಾಡದ ದಿನವೆಲ್ಲ ಅವನು ಒಂದೇ ಇಂಗ್ಲಿಷ್ ವಾಕ್ಯವನ್ನು ಗಿಣಿಪಾಠ ಒಪ್ಪಿಸುತ್ತಿದ್ದ, ರಾತ್ರಿ ನಮ್ಮ ಎಮ್ಮೆ ಈಯಿತು ಸರ್ ಎಂದು. ಮೂರನೆಯ ಸಲ ಮಾಸ್ತರರು ಕನ್ನಡಕದ ಮೇಲಿಂದ ನೋಡಿ, “ನಿಮ್ಮೆಮ್ಮಿ ವರ್ಷಕ್ಕ ಮೂರ ಸಲ ಈಯತದೇನೋ?” ಅಂದಿದ್ದರು. ಇಡೀ ವರ್ಗ ನಕ್ಕಿತ್ತು. ಆಮೇಲೆ ಹಲಗೆಯ ಮೇಲೆ ಈ ಪದ ಬರೆದು, ಇದರ ಮೂಲ ಜಾರಿಕೆ ಎಂದು ಹೇಳಿ, ಅರ್ಥ ಬಿಡಿಸಿದ್ದರು. ಎದೆಯಿಂದ ಬರುವ ಮಾತು ದಾರಿಯಲ್ಲಿ ಎಲ್ಲಾದರೂ ಒಮ್ಮೆ ಎಡವುತ್ತದೆ. ಎಡವದೆ, ಜಾರಿಕೊಂಡು ಬಂದದ್ದು ಬರೀ ನಾಲಿಗೆಯದು. ಅದನ್ನು ಆಡುವ ರೀತಿಗೆ ಗ್ಲಿಬ್ಲಿ ಅನ್ನಬೇಕು.

“ಕಡೀ ಪದಾನೋ ಅವರದು,” ಪದ್ಮಾಬಾಯಿ ಅಂದರು. “ನನಗ ಎ ಬಿ ಸಿ ಸುದ್ದಾ ಬರೂದಿಲ್ಲ. ಅರ್ಥ ಗೊತ್ತಾದ್ರ ಸಾಕು, ಮನಸ್ಸಿಗೆ ಸಮಾಧಾನ.”

ಹುಚ್ಚೀರಪ್ಪ ಅವರ ಮುಖ ನೋಡಲಾರದೆ ಹೋದ. ಆದರೆ ನಾಲಿಗೆ ಕಟ್ಟಲಿಲ್ಲ, ಅದು ಎಂದೂ ಕಟ್ಟಿದ್ದಲ್ಲ.

“ಶಾಂತವಾಗಿ ಅಂತ್ರಿ ಅವ್ವಾರ. ಸಮಾಧಾನದಿಂದ ಅಂದ್ರು, ಅಂತ.”

“ಮತ್ತ ಕೆಳಗಿಂದ್ಯಾಕ ಹೊಡದಾರ?”

“ಅದೂ ಹಂತಾದ್ದ ಐತ್ರಿ. ಇದು ಇನ್ನೂ ಚಲೋ ಪದ ಅಂತ ಬದಲ ಮಾಡ್ಯಾರ.”

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು, ಸಮಾಧಾನದಿಂದ ಹೋದರಲ್ಲ, ಅಷ್ಟು ಸಾಕು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಹುಚ್ಚೀರಪ್ಪ ನೆಲ ನೋಡಿದ. ಒಬ್ಬ ಮುದುಕ ಪೆಟ್ಟು ತಿಂದು ಹಾದಿಯ ಮಗ್ಗುಲಲ್ಲಿ ಕೂತು, ಐದೂ ನಲವತ್ತಕ್ಕೆ ಒಂದು ಮಾತನ್ನು ನಂಬಿದ್ದಾನೆ. ಐವತ್ತು ನಿಮಿಷ ಕಾದಿದ್ದಾನೆ. ಆರೂವರೆಗೆ ಕನ್ನಡಕ ಏರಿಸಿ, ತನ್ನ ತಪ್ಪು ತಾನೇ ತಿದ್ದಿಕೊಂಡಿದ್ದಾನೆ. ಅಯ್ಯೋ ನನ್ನಪ್ಪ, ಸಾಯುವಾಗಲೂ ನಿನಗೆ ಪದ ಸರಿಯಾಗಬೇಕಿತ್ತೇ ಎಂದು ಅವನ ಕರುಳು ಕಿತ್ತು ಬಂತು.

“ವಿಶ್ರುತಗ ಕೇಳಿದ್ರ ಗೊತ್ತಿಲ್ಲ ಅಂದ ನೋಡು,” ಪದ್ಮಾಬಾಯಿ ಅಂದರು.

ಹುಚ್ಚೀರಪ್ಪ ತಲೆ ಎತ್ತಿದ.

ವಿಶ್ರುತ ಅದೇ ಓಣಿಯ ಹುಡುಗ, ಮಾಸ್ತರರ ಕೊನೆಯ ಶಿಷ್ಯರಲ್ಲಿ ಒಬ್ಬ. ಲಕ್ಷ್ಮೇಶ್ವರದಲ್ಲಿ ಇಂಗ್ಲಿಷ್ ಮಾತಾಡಲು ಕಲಿಸುವ ಕ್ಲಾಸು ನಡೆಸುತ್ತಿದ್ದ. ಮಾಸ್ತರರು ಹೋದಂದಿನಿಂದ ದಿನಾ ಮುಂಜಾನೆ ಹಾಲು ತಂದುಕೊಟ್ಟು, ಅಂಗಳಕ್ಕೆ ನೀರು ಹೊಡೆದು ಹೋಗುತ್ತಿದ್ದ. ಇವತ್ತು ಚೀಟಿ ತೋರಿಸಿದ ಕೂಡಲೇ ಅವನ ಕೈಯ ಹಾಲು ಚೆಲ್ಲಿತಂತೆ. ಗೊತ್ತಿಲ್ಲ ಅಜ್ಜಿ ಅಂದವನೇ ಚಹಾ ಕುಡಿಯದೆ ಹೊರಟನಂತೆ.

ಇಂಗ್ಲಿಷ್ ಕಲಿಸಿ ಹೊಟ್ಟೆ ಹೊರೆಯುವವನಿಗೆ ಈ ಪದ ಗೊತ್ತಿಲ್ಲ. ಹುಚ್ಚೀರಪ್ಪನಿಗೆ ಎಮ್ಮೆ ಈದ ಕಥೆ ನೆನಪಾಯಿತು. ಚೀಟಿಯನ್ನು ಎರಡು ದಿನದ ಮಟ್ಟಿಗೆ ಕೇಳಿ ಪಡೆದು, ಕಿಸೆಯಲ್ಲಿಟ್ಟುಕೊಂಡು ಎದ್ದ.

“ಈ ಸಲಾರ ಊಟಕ್ಕ ಬಾರೋ,” ಬಾಗಿಲಲ್ಲಿ ಪದ್ಮಾಬಾಯಿ ಅಂದರು. “ಬರ್ತೀನಿ ಬರ್ತೀನಿ ಅಂತೀ.”

“ಬರ್ತೀನ್ರಿ ಅವ್ವಾರ, ಖಂಡಿತ.”

*

ಠಾಣೆಯ ಮುಂದಿನ ಬೇವಿನ ನೆರಳಲ್ಲಿ ಯಮನೂರಸಾಬನ ಹೆಂಡತಿ ಅಮೀರಾ ಡಬ್ಬಿ ಹಿಡಿದು ನಿಂತಿದ್ದಳು. ಐದು ದಿನದಿಂದ ಅದೇ ಜಾಗ, ಅದೇ ಡಬ್ಬಿ. ಇವತ್ತು ನಾಲ್ಕಕ್ಕೆ ಗಂಡನನ್ನು ಕೋರ್ಟಿಗೆ ಒಯ್ದು ಅಲ್ಲಿಂದ ಜೈಲಿಗೆ ಕಳಿಸುತ್ತಾರೆಂದು ಯಾರೋ ಹೇಳಿದ್ದರು. ಮಾಸ್ತರರ ಮನೆಯವರನ್ನು ಭೆಟ್ಟಿಯಾಗಿ ಕಾಲು ಹಿಡಿಯಲೇ ಎಂದು ಕೇಳಿದಳು. ಎತ್ತಿ ತಂದದ್ದೇ ತಪ್ಪಾಯಿತೇ ಸಾಹೇಬರೇ, ಬಿಟ್ಟು ಬಂದಿದ್ದರೆ ಇವತ್ತು ನನ್ನ ಗಂಡ ಮನೆಯಲ್ಲಿರುತ್ತಿದ್ದ ಎಂದು ಅತ್ತಳು.

“ನಾ ನೋಡ್ಕೋತೀನಿ. ನೀ ಚಿಂತಿ ಮಾಡಬ್ಯಾಡ, ಮನಿಗೆ ಹೋಗವ್ವಾ,” ಎಂದ ಹುಚ್ಚೀರಪ್ಪ, ನಡೆಯುತ್ತಲೇ. ಮೂವತ್ತೈದು ವರ್ಷದ ನೌಕರಿಯಲ್ಲಿ ಆ ಮಾತು ಎಷ್ಟು ಸಾವಿರ ಸಲ ಬಾಯಿಂದ ಹೊರಟಿತ್ತೋ. ಹೊರಡಲು ಅದಕ್ಕೆ ಅವನ ಅಪ್ಪಣೆಯೂ ಬೇಕಿರಲಿಲ್ಲ.

ಇನ್ಸ್‌ಪೆಕ್ಟರ್ ದುರ್ಗೇಶ ವಯಸ್ಸಿನಲ್ಲಿ ಚಿಕ್ಕವನು, ಅವಸರದಲ್ಲಿ ದೊಡ್ಡವನು. ಜಾಮೀನು ಸಿಗದ ಕಲಮುಗಳನ್ನು ಹುಡುಕಿ ಹಚ್ಚಿದ್ದ. ಟಂಟಂನ ಒಡೆದ ದೀಪವೊಂದೇ ಅವನ ಪುರಾವೆ. ಆ ದೀಪ ದೀಪಾವಳಿಗೇ ಒಡೆದದ್ದೆಂದು ಅರ್ಧ ಬೆಟಗೇರಿ ಹೇಳುತ್ತಿತ್ತು.

ಹುಚ್ಚೀರಪ್ಪ ಚೀಟಿ ಮುಂದಿಟ್ಟು ಲೆಕ್ಕ ಬಿಡಿಸಿದ. ಅವತ್ತು ಮಂತ್ರಿಗಳ ಕಾರುಗಳ ಸಾಲು ಹಾಯಬೇಕಾಗಿದ್ದರಿಂದ ಐದೂವರೆಯಿಂದ ಏಳರವರೆಗೆ ಕ್ರಾಸಿನ ಎರಡೂ ಕಡೆ ನಾಕಾ ಹಾಕಿ ರಸ್ತೆ ಬಂದ್ ಮಾಡಿದ್ದರು. ಯಮನೂರಸಾಬ ಶಿರಹಟ್ಟಿ ಕಡೆಯ ನಾಕಾದಲ್ಲಿ ಏಳರ ತನಕ ನಿಂತಿದ್ದ. ಮಾಸ್ತರರು ಐದೂ ನಲವತ್ತಕ್ಕೇ ಪೆಟ್ಟು ತಿಂದು ಯಾರಿಗೋ ಕಾಯುತ್ತಿದ್ದರೆ, ಬಡಿದವನು ಯಮನೂರಸಾಬ ಹೇಗಾದಾನು?

“ಪೆಟ್ಟಾತು ಅಂತ ಇದರಾಗ ಎಲ್ಲೈತ್ರಿ?” ದುರ್ಗೇಶ ಚೀಟಿ ಸರಿಸಿದ. “ಯಾರೋ ಹತ್ತ ನಿಮಿಷದಾಗ ಬರ್ತೀನಿ ಅಂದ್ರಂತ. ದಿನಾ ನೂರ ಮಂದಿ ಅಂತಾರ. ಅಂದಾವನ್ನ ಕರಕೊಂಡ ಬರ್ರಿ, ನಾಲ್ಕರೊಳಗ. ಇಲ್ಲಂದ್ರ ಬಿಡ್ರಿ.”

ಜಪ್ತಿ ಮಾಡಿದ ವಸ್ತುಗಳನ್ನು ಇಡುವ ಮುದ್ದೆಮಾಲಿನ ಕಪಾಟಿನಲ್ಲಿ ಇನ್ನೊಂದು ಗುರುತಿತ್ತು. ಮಾಸ್ತರರ ಹಣೆಗೆ ಕಟ್ಟಿದ್ದ ಬಿಳಿ ಕರವಸ್ತ್ರ. ತಾನು ಕಟ್ಟಿದ್ದಲ್ಲ ಎಂದು ಯಮನೂರಸಾಬ ಮೊದಲ ದಿನವೇ ಹೇಳಿದ್ದ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಹುಚ್ಚೀರಪ್ಪ ಅದನ್ನು ಕಿಟಕಿಗೆ ಹಿಡಿದ. ಒಣಗಿದ ರಕ್ತದ ಆಚೆ, ಅಂಚಿನಲ್ಲಿ, ಹಸಿರು ಮತ್ತು ಕಪ್ಪು ಶಾಯಿಯ ಕಲೆ. ಬಿಳಿ ಹಲಗೆಯ ಮೇಲೆ ಬರೆಯುವ ಪೆನ್ನಿನದು. ಗಂಟು ಬಿಗಿಯಾಗಿ, ಕಾಳಜಿಯಿಂದ ಹಾಕಿದ್ದು.

ಇಷ್ಟು ಕಾಳಜಿಯಿಂದ ಕಟ್ಟಿದ ಕೈ ಆಮೇಲೆ ಕೈ ಬಿಟ್ಟಿತು ಹೇಗೆ? ಇದೊಂದು ಅವನ ತಲೆಯಲ್ಲಿ ಹುಳದಂತೆ ಕೊರೆಯಿತು.

ಉಳಿದದ್ದು ಸಲೀಸು. ಚೀಟಿಯಲ್ಲಿ ಆಡಿದ ಮಾತು ಇಂಗ್ಲಿಷಿನಲ್ಲಿದೆ ಎಂದರೆ ಆಡಿದವನು ಇಂಗ್ಲಿಷಿನಲ್ಲೇ ಆಡಿದ್ದಾನೆ. ಮಾಸ್ತರರ ಜೊತೆ ಇಂಗ್ಲಿಷ್ ಮಾತಾಡುವವರು ಅವರ ಶಿಷ್ಯರು ಮಾತ್ರ. ಅವರೆದುರು ಕನ್ನಡ ಆಡಿದರೆ ಅಂಗಳದ ಗಿಡಗಳಿಗೆ ಎರಡು ಕೊಡ ನೀರು ಹಾಕುವ ಶಿಕ್ಷೆ ಇತ್ತು. ನೀರು ಹೊತ್ತು ಹೊತ್ತು ಆ ಭಯ ಮೈಗೆ ಹತ್ತಿ ಹೋಗಿತ್ತು. ತಲೆ ನರೆತವರೂ ಸಂತೆಯಲ್ಲಿ ಅವರನ್ನು ಕಂಡರೆ ಗುಡ್ ಈವಿನಿಂಗ್ ಸರ್ ಎಂದು ನೆಟ್ಟಗಾಗುತ್ತಿದ್ದರು. ರಕ್ತ ಸುರಿಯುವ ಹೊತ್ತಿನಲ್ಲೂ ಆ ರೂಢಿ ತಪ್ಪದವನು ಮಾಸ್ತರರ ಕೈಯಲ್ಲಿ ಪಳಗಿದವನೇ ಸೈ.

ಹಾಗೆ ಪಳಗಿ, ಈಗ ಬಿಳಿ ಹಲಗೆಯ ಪೆನ್ನು ಹಿಡಿದು ಪಾಠ ಹೇಳುವವರು ಇಬ್ಬರೇ. ಒಬ್ಬ ಮುಂಡರಗಿಯ ಹೊನ್ನೇಶ. ಅವತ್ತು ಸಂಜೆ ಅವನು ತನ್ನೂರ ಶಾಲೆಯ ಸಮಾರಂಭದಲ್ಲಿ ಮುನ್ನೂರು ಜನರ ಮುಂದೆ ಸ್ವಾಗತ ಭಾಷಣ ಮಾಡುತ್ತಿದ್ದನೆಂದು ಹುಚ್ಚೀರಪ್ಪ ಫೋನಿನಲ್ಲೇ ಖಾತ್ರಿ ಮಾಡಿಕೊಂಡ. ಇನ್ನುಳಿದವನು ದಿನಾ ಸಂಜೆ ಲಕ್ಷ್ಮೇಶ್ವರದಿಂದ ಅದೇ ರಸ್ತೆಯಲ್ಲಿ ಬೈಕಿನ ಮೇಲೆ ಬೆಟಗೇರಿಗೆ ಮರಳುವವನು.

*

ಬನ್ನಿಗಿಡದ ಕ್ರಾಸಿನಲ್ಲಿ ಹುಚ್ಚೀರಪ್ಪ ಬೈಕು ನಿಲ್ಲಿಸಿದ. ಒಳಹಳ್ಳಿಯ ಶಾಲೆಯಲ್ಲಿ ವಾರಕ್ಕೊಮ್ಮೆ ಪುಕ್ಕಟೆ ಪಾಠ ಹೇಳಿ, ಮಾಸ್ತರರು ಬಸ್ಸಿಗೆ ನಿಲ್ಲುತ್ತಿದ್ದದ್ದು ಇಲ್ಲೇ. ಮೋರಿಯ ಕಟ್ಟೆಯ ಮೇಲೆ ಇನ್ನೂ ಕಪ್ಪು ಕಲೆ ಇತ್ತು. ಅವನು ಅದರ ಪಕ್ಕ ಕೂತ. ಎರಡೂ ಕಡೆ ಹತ್ತಿಯ ಹೊಲ, ಕಣ್ಣು ಹಾಯುವಷ್ಟು ದೂರ ಮನುಷ್ಯರ ಸುಳಿವಿಲ್ಲ.

ಅವತ್ತು ಅವನೂ ಬಂದೋಬಸ್ತಿನಲ್ಲಿದ್ದ. ಗದಗ ಕಡೆಯ ನಾಕಾದಲ್ಲಿ, ಇಲ್ಲಿಂದ ಬರೀ ಎರಡು ಕಿಲೋಮೀಟರ್. ಆ ಕಡೆ ನಿಂತು ಮಂತ್ರಿಗಳಿಗೆ ಸಲ್ಯೂಟ್ ಹೊಡೆಯುತ್ತಿದ್ದಾಗ ಈ ಕಡೆ ಮಾಸ್ತರರು ಹಾದಿ ನೋಡುತ್ತಿದ್ದರು. ಕಾರುಗಳು ಹಾಯುವಾಗ ಕೈಯನ್ನಾದರೂ ಎತ್ತಿದರೋ ಏನೋ, ಆ ವೇಗದಲ್ಲಿ ಯಾರಿಗೆ ಕಂಡೀತು. ಅಷ್ಟು ಹತ್ತಿರವಿದ್ದೂ ಉಳಿಸಿಕೊಳ್ಳಲಾಗಲಿಲ್ಲವೆಂದು ಹುಚ್ಚೀರಪ್ಪ ಐದು ದಿನದಿಂದ ಊಟ ಬಿಟ್ಟಿದ್ದ. ಮಾತು ಕೊಟ್ಟು ಬಾರದೆ ಹೋದ ಆ ನೀಚ ಸಿಕ್ಕರೆ ಕೊರಳಪಟ್ಟಿ ಹಿಡಿದು ಈ ಕಟ್ಟೆಯ ಮೇಲೆ ಐವತ್ತು ನಿಮಿಷ ಕೂಡ್ರಿಸಬೇಕು ಎಂದು ಹಲ್ಲು ಕಡಿದ.

ಲಕ್ಷ್ಮೇಶ್ವರದಲ್ಲಿ ವಿಶ್ರುತನ ಕ್ಲಾಸು ಬಳೆಯಂಗಡಿಯ ಮಾಳಿಗೆಯ ಮೇಲಿತ್ತು. ಮೆಟ್ಟಿಲ ಕೆಳಗೆ ಅವನ ಬೈಕು. ಹಳೆಯ ಬೈಕು, ಮುಂದಿನ ದೀಪ ಮಾತ್ರ ಹೊಚ್ಚ ಹೊಸದು.

ಹುಡುಗರು ಹೋಗಿ ಕೋಣೆ ಖಾಲಿಯಾಗಿತ್ತು. ವಿಶ್ರುತ ಹಲಗೆ ಒರೆಸುತ್ತಿದ್ದ. ಇಪ್ಪತ್ತಾರರ ಹುಡುಗ, ಐದು ದಿನದಲ್ಲಿ ಮುಖ ಅರ್ಧವಾಗಿತ್ತು. ಹುಚ್ಚೀರಪ್ಪ ಮಾತಿಲ್ಲದೆ ಮೇಜಿನ ಮೇಲೆ ಕರವಸ್ತ್ರ ಇಟ್ಟ. ಅದರ ಪಕ್ಕ ಚೀಟಿ ಇಟ್ಟ.

“ಮುಂಜಾನಿ ಅವ್ವಾರಿಗೆ ಗೊತ್ತಿಲ್ಲ ಅಂದೆಂತಲ್ಲಾ. ಈಗ ಹೇಳು, ಇದರ ಅರ್ಥ ಏನು?”

ವಿಶ್ರುತ ಬೆಂಚಿನ ಮೇಲೆ ಕುಸಿದ. ಚೀಟಿಯನ್ನು ಮುಟ್ಟಲಿಲ್ಲ.

“ನಾ ಹಂಗ ಅಂದಿರಲಿಲ್ಲ ಕಾಕಾ,” ಎಂದ. “ಮೊದಲ ಬರದಾರಲ್ಲ ಸರ್, ಆ ಪದಾನ ಖರೇ. ಐದೂ ನಲವತ್ತಕ್ಕ ನನ್ನ ಮಾತು ಖರೇನ ಇತ್ತು. ಆರೂವರಿಗೆ ಸುಳ್ಳಾತು. ಮಾತು ಅದ, ಒಂದಕ್ಷರ ಬದಲಾಗಿಲ್ಲ. ನಾ ಹೊಳ್ಳಿ ಹೋಗಲಿಲ್ಲ, ಅಷ್ಟ.”

ಆಮೇಲೆ ತಡವರಿಸುತ್ತ, ನಡುನಡುವೆ ಅಳುತ್ತ ಎಲ್ಲ ಹೇಳಿದ. ರಸ್ತೆ ಬಂದ್ ಆಗುವುದರೊಳಗೆ ದಾಟಿಬಿಡಬೇಕೆಂದು ಬೈಕನ್ನು ಜೋರಾಗಿ ಬಿಟ್ಟಿದ್ದ. ಕ್ರಾಸಿನಲ್ಲಿ ಮಾಸ್ತರರು ಬಸ್ಸು ಬಂತೇನೋ ಎಂದು ಎರಡು ಹೆಜ್ಜೆ ಮುಂದೆ ಬಂದರು. ಬೈಕಿನ ದೀಪ ಬಡಿದು ಅವರು ಮೋರಿಯ ಕಟ್ಟೆಗೆ ಬಿದ್ದರು. ಇವನ ಫೋನು ಹಾರಿ ಚೂರುಚೂರಾಯಿತು. ಎತ್ತಿ ಕೂಡ್ರಿಸಿ, ಹಣೆಗೆ ಕರವಸ್ತ್ರ ಕಟ್ಟಿ, ನೀರು ಕುಡಿಸಿದ. ಅವರಿಗೆ ಎಚ್ಚರವಿತ್ತು. ಬೈಕಿನ ಮೇಲೆ ಕೂಡ್ರುವ ಸ್ಥಿತಿಯಿರಲಿಲ್ಲ. ಗಾಡಿ ತರುತ್ತೇನೆ, ಹತ್ತೇ ನಿಮಿಷ ಎಂದು ಇಂಗ್ಲಿಷಿನಲ್ಲಿ ಹೇಳಿದ. ಆ ಗಾಬರಿಯಲ್ಲಿ ಒಂದು ಕಡೆ ತಪ್ಪಿದನಂತೆ, ಮಾಸ್ತರರು ತಿದ್ದಿದರಂತೆ.

ಹುಚ್ಚೀರಪ್ಪನಿಗೆ ಅಳು ಒತ್ತರಿಸಿ ಬಂತು. ಅದು ಸಿಟ್ಟಾಗಿ ಹೊರಬಿತ್ತು. ಮೇಜು ಗುದ್ದಿ, ಹಂಗಾರೆ ಹೊಳ್ಳಿ ಹೋಗದಂಗ ನಿನ್ನ ಹಿಡದವರು ಯಾರಲೇ ಎಂದು ಒದರಿದ.

ವಿಶ್ರುತ ಹಲಗೆ ಒರೆಸುವ ಬಟ್ಟೆಯನ್ನು ಬೆಂಚಿನ ಮೇಲಿಟ್ಟ.

“ಹೇಳಲ್ಯಾ ಕಾಕಾ?”

“ಹೇಳು.”

“ನಾ ಸೀದಾ ನಾಕಾಕ್ಕ ಬಂದೆ. ಗದಗ ಕಡೀದು. ಅಲ್ಲಿ ಒಬ್ಬ ಸಾಹೇಬ್ರು ವೈರ್‌ಲೆಸ್ ಕಿವಿಗೆ ಹಿಡಕೊಂಡ ನಿಂತಿದ್ರು. ಕ್ರಾಸಿನಾಗ ಒಬ್ಬ ಹಿರೇರಿಗೆ ಪೆಟ್ಟಾಗೇದ, ನನ್ನ ಕೈಯಿಂದನ ಆಗೇದ, ಗಾಡಿ ಬೇಕ್ರಿ ಅಂದೆ. ಅವರು, ಆತು, ಗಾಡಿ ಕಳಿಸ್ತೀನಿ, ನೀ ಚಿಂತಿ ಮಾಡಬ್ಯಾಡ, ಮನಿಗೆ ಹೋಗು ಅಂದ್ರು. ನಾ ಹೊಳ್ಳಿ ಹೋಗ್ತೀನ್ರಿ ಅಂದೆ. ರೋಡ್ ಬಂದ್ ಐತಿ, ನಾ ನೋಡ್ಕೋತೀನಿ, ಮೊದಲ ಜಾಗಾ ಖಾಲಿ ಮಾಡು ಅಂದ್ರು.”

ಕೆಳಗಿನ ಅಂಗಡಿಯಲ್ಲಿ ಯಾರೋ ಬಳೆ ತೊಡಿಸಿಕೊಳ್ಳುತ್ತ ಚೌಕಾಶಿ ಮಾಡುತ್ತಿದ್ದರು.

“ಅವರ ಮಾರಿ ನಾ ನೋಡೀನಿ ಕಾಕಾ,” ವಿಶ್ರುತ ಹೇಳಿದ. “ಅವರು ನನ್ನ ಮಾರಿ ನೋಡಲಿಲ್ಲ. ಮತ್ತ ಅವರನ್ನ ಸ್ಮಶಾನದಾಗ ನೋಡಿದೆ. ಅಲ್ಲಿ ಎಲ್ಲಾರಕಿಂತ ಹೆಚ್ಚ ಅವರ ಅಳ್ಳಿಕ್ಕತ್ತಿದ್ರು.”

ಹುಚ್ಚೀರಪ್ಪನಿಗೆ ಮೊದಲು ನೆನಪಾದದ್ದು ನೀಲಿ ಹೆಲ್ಮೆಟ್ಟು. ಅಷ್ಟೇ. ಅದರೊಳಗೆ ಮುಖವಿದ್ದದ್ದು ನೆನಪಾಗಲಿಲ್ಲ. ಅವತ್ತು ಸಂಜೆ ನಲವತ್ತು ಮಂದಿ ಬಂದು ನಲವತ್ತು ಗೋಳು ಹೇಳಿದ್ದರು. ಎಲ್ಲರಿಗೂ ಅವನು ಅದೇ ಮಾತು ಹೇಳಿದ್ದ. ಕಿವಿಯಲ್ಲಿ ವೈರ್‌ಲೆಸ್ಸು ರಸ್ತೆ ಖಾಲಿ ಇದೆಯೇ ಎಂದು ಕೇಳುತ್ತಿತ್ತು. ಖಾಲಿ ಇದೆ ಸರ್, ಅಂದಿದ್ದ. ಇಲಾಖೆಯ ಜೀಪು ಹತ್ತು ಮಾರು ಆಚೆ ಗಿಡದ ಕೆಳಗೇ ನಿಂತಿತ್ತು. ಚಾಲಕ ಅಂದಪ್ಪ ಎರಡು ತಾಸು ಸೀಟಿನ ಮೇಲೆ ಕಾಲು ಚಾಚಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದ. ಅಂದಪ್ಪಾ, ಕ್ರಾಸಿಗೆ ಹೋಗಿ ಬಾ. ಇಷ್ಟೇ ಅನ್ನಬೇಕಿತ್ತು.

ಈ ಹುಡುಗ ಖರೇ ಮಾತು ಕೊಟ್ಟು ಬಂದಿದ್ದ. ಅದನ್ನು ತನ್ನ ಬಾಯಿಯಿಂದ ಸುಳ್ಳು ಮಾಡಿ ಕಳಿಸಿದವನು ತಾನು. ಮಾಸ್ತರರು ಸಾಯುತ್ತ ಗೆರೆ ಎಳೆದದ್ದು ಈ ಹುಡುಗನ ಮಾತಿಗೆ. ಮೇಲೆ ಬರೆದ ಪದ ಹುಚ್ಚೀರಪ್ಪನದು. ಎಮ್ಮೆ ಈದ ದಿನದಿಂದಲೂ ಅವನದೇ.

“ನಾನೂ ಸಾಚಾ ಅಲ್ಲ,” ವಿಶ್ರುತ ಕಣ್ಣೊರೆಸಿಕೊಂಡ. “ಮನಿಗೆ ಹೋಗು ಅಂದ್ರಲ್ಲ, ಆ ಮಾತು ನನಗೂ ಬೇಕಾಗಿತ್ತು. ಪೊಲೀಸರಿಗೆ ಹೇಳೀನಲ್ಲ ಅಂತ ಮನಸ್ಸಿಗೆ ಹೇಳಿಕೊಂಡೆ. ಹಿಡೀಲಿಕ್ಕ ಬರ್ತೀರಿ ಅಂತ ದಿನಾ ಕಾದೆ. ನೀವು ಯಮನೂರಸಾಬನ್ನ ಹಿಡದ್ರಿ. ಆವಾಗ ನಂದು ಬಾಯಿ ಬಿತ್ತು.”

ಗೋಡೆಯ ಗಡಿಯಾರದಲ್ಲಿ ಮೂರೂ ಐದಾಗಿತ್ತು. ಹುಚ್ಚೀರಪ್ಪ ಹೇಳಿಕೆಯ ಕಾಗದ ತೆಗೆದ. ಬೈಕು, ದೀಪ, ಮೋರಿ, ಕರವಸ್ತ್ರ, ಐದೂ ನಲವತ್ತು. ಹುಡುಗ ಹೇಳುತ್ತ ಹೋದ, ಇವನು ಬರೆಯುತ್ತ ಹೋದ. ಇಷ್ಟು ಸಾಕಿತ್ತು ಯಮನೂರಸಾಬನನ್ನು ಬಿಡಿಸಲು. ಇಷ್ಟಕ್ಕೇ ನಿಲ್ಲಿಸಿದರೆ ವಿಶ್ರುತ ಬಡಿದು, ಸುಳ್ಳು ಹೇಳಿ, ಬಿಟ್ಟು ಓಡಿಹೋದವನಾಗುತ್ತಿದ್ದ. ಮುಂದಿನ ಸಾಲು ಬರೆದರೆ ಹುಚ್ಚೀರಪ್ಪನ ಖಾಕಿ ಹೋಗುತ್ತಿತ್ತು. ಖಾಕಿ ಹೋಗಲಿ, ಆ ಪಡಸಾಲೆಯ ಬಾಗಿಲು ಮುಚ್ಚುತ್ತಿತ್ತು.

‘ತದನಂತರ ನಾನು ನಾಕಾಕ್ಕೆ ಹೋಗಿ ಅಲ್ಲಿದ್ದ ಅಧಿಕಾರಿ’ ಎಂದು ಬರೆದು ಪೆನ್ನು ನಿಂತಿತು.

“ಬೇಕಾದ್ರ ಅದನ್ನ ಬಿಡ್ರಿ ಕಾಕಾ,” ಹುಡುಗ ಮೆಲ್ಲಗೆ ಅಂದ. “ನಾ ಯಾರಿಗೂ ಹೇಳೂದಿಲ್ಲ. ಸರ್ ಸುದ್ದಾ ಹೆಸರ ಬರೀಲಿಲ್ಲ.”

ಆ ಮಾತಿಗೆ ಹುಚ್ಚೀರಪ್ಪನ ಎದೆ ಒಡೆದಂತಾಯಿತು. ಬೈದಿದ್ದರೆ ಸಹಿಸಬಹುದಿತ್ತು.

ಅಷ್ಟರಲ್ಲಿ ಫೋನು ಬಂತು. ಪದ್ಮಾಬಾಯಿ.

“ಹುಚ್ಚೀರಾ, ಡಬ್ಬಿ ತಗದ ಕೂತಿದ್ದೆ. ಅದ ಪದದ್ದು ಹಳೇ ಚೀಟಿ ಒಂದ ಸಿಕ್ತೋ. ಮುಂಜಾನಿ ನಿನಗ ತೋರಿಸಿದ್ನಲ್ಲಾ, ಆ ಅಕ್ಷರ ನೆಪ್ಪಿನಾಗ ಇಟಗೊಂಡಿದ್ದೆ, ಹೊಂದಿಸಿ ನೋಡಿದೆ. ಇದರಾಗ ಕನ್ನಡದಾಗ ಅರ್ಥ ಬರದಾರ. ‘ಮನಸ್ಸಿಲ್ಲದೆ, ಬಾಯಿತುದಿಯಿಂದ, ನುಣ್ಣಗೆ’. ನೀ ಹೇಳಿದ್ದು ಅಲ್ಲಂತಲ್ಲೋ.”

ಹುಚ್ಚೀರಪ್ಪ ಕಣ್ಣು ಮುಚ್ಚಿದ.

“ಕೆಳಗ ಯಾರದೋ ಮಾತು ಕನ್ನಡದಾಗ ಅದ. ‘ಈ ಐತವಾರ ಊಟಕ್ಕ ಖಂಡಿತ ಬರ್ತೀನ್ರಿ ಅವ್ವಾರ.’ ಹೋದ ವರ್ಷದ ತಾರೀಖು. ನೀ ನನಗ ಫೋನಿನಾಗ ಅಂದದ್ದಲ್ಲೇನೋ? ಹೋಳಿಗಿ ಮಾಡಿ ಕಾದಿದ್ವಿ. ಅವರು ಪಕ್ಕಕ್ಕ ಕೂತು ಕೇಳಿರಬೇಕು.”

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನನ್ನು ಕೊಂದಿತು.

“ಇರ್ಲಿ ಬಿಡು, ನಿನಗ ಡ್ಯೂಟಿ ಇರತದ. ಆದ್ರ ಅವತ್ತ ಅವರಿಗೆ ಬರ್ತೀನಿ ಅಂತ ಹೇಳಿ ಬರಲಾರದಾವರು ಯಾರೋ? ಅಷ್ಟ ಹೇಳು. ನಾ ಮತ್ತೇನೂ ಕೇಳೂದಿಲ್ಲ.”

ಪತ್ತೆ ಹಚ್ಚತೀವ್ರಿ ಅವ್ವಾರ, ನೀವು ಚಿಂತಿ ಮಾಡಬ್ಯಾಡ್ರಿ. ಆ ಮಾತು ಎಂದಿನಂತೆ ನಾಲಿಗೆಯ ತುದಿಗೆ ತಾನೇ ಬಂದು ನಿಂತಿತು. ಹುಚ್ಚೀರಪ್ಪ ಅದನ್ನು ನುಂಗಿದ. ಎದುರಿಗೆ ವಿಶ್ರುತ ಉಸಿರು ಹಿಡಿದು ನೋಡುತ್ತಿದ್ದ.

“ಅವ್ವಾರ, ಅದು... ಆ ಹುಡುಗ ಬರಾವನ ಇದ್ದನ್ರಿ. ಅವತ್ತ ನಾಕಾದಾಗ... ನಾ, ಅಂದ್ರ... ಅಲ್ಲೆ ನಾನ...”

ಮುಂದೆ ಮಾತು ಹೊರಡಲಿಲ್ಲ. ಹುಟ್ಟಿದಾಗಿನಿಂದ ಹೀಗೆ ಎಡವಿದ್ದು ಅವನಿಗೆ ನೆನಪಿರಲಿಲ್ಲ.

ಪದ್ಮಾಬಾಯಿ ಐವತ್ತೆರಡು ವರ್ಷ ಮಾಸ್ತರರ ಜೊತೆ ಬಾಳಿದವರು. ಎ ಬಿ ಸಿ ಬರದಿದ್ದರೂ ಮಾತು ಎಲ್ಲಿ ಎಡವುತ್ತದೆ, ಯಾಕೆ ಎಡವುತ್ತದೆ ಎಂಬುದನ್ನು ಬಲ್ಲವರು.

“ಯಮನೂರಸಾಬನ ಹೇಣ್ತಿ ಇಲ್ಲೇ ನನ್ನ ಮುಂದ ಕೂತಾಳ,” ಎಂದರು. ದನಿ ಒಣಗಿತ್ತು. “ಮಧ್ಯಾಹ್ನದಿಂದ ಕೂತಾಳ. ಸಾಹೇಬ್ರು ನೋಡ್ಕೋತೀನಿ ಅಂದಾರ ಅಂತ ನೂರ ಸಲ ಹೇಳ್ಯಾಳ. ಫೋನು ಆಕಿ ಕೈಯಾಗ ಕೊಡ್ತೀನಿ. ನನಗ ಹೇಳಬ್ಯಾಡ, ಆಕಿಗೆ ಹೇಳು.”

ಫೋನು ಕೈ ಬದಲಾಗುವ ಸದ್ದು ಕೇಳಿಸಿತು, ಬಳೆಯ ಸದ್ದು ಕೇಳಿಸಿತು. ಆಮೇಲೆ ಅಮೀರಾಳ ದನಿ.

“ಹೇಳ್ರಿ ಸಾಹೇಬ್ರ.”